ಗ್ಯಾಸ್ ಪದರದೊಳಗಿನ ಹಳೇ ನದಿ ಕೊನೆಗೂ ಕಂಡದ್ದು ಹೀಗೆ

ಸುರತ್ಕಲ್‌ನ ರೂಮಿನಲ್ಲಿ ಕೂತು ಟೆಕ್ಸಾಸ್‌ನ ಸ್ಟ್ರಾಟನ್ ಗ್ಯಾಸ್ ಫೀಲ್ಡ್‌ನ ತ್ರೀಡಿ ಸೈಸ್ಮಿಕ್ ಡೇಟಾ (ನೆಲದೊಳಗೆ ಕಳಿಸಿದ ಕಂಪನದ ಪ್ರತಿಧ್ವನಿಯಿಂದ ಮಾಡಿದ ಚಿತ್ರ) ನೋಡುತ್ತಿದ್ದೆ. ಅಲ್ಲಿನ ಫ್ರಿಯೋ ಪದರದಲ್ಲಿ ಗ್ಯಾಸ್ ಇರುವುದು ಹಳೇ ನದಿಗಳು ಬಿಟ್ಟುಹೋದ ಮರಳಿನಲ್ಲಿ. ಆದರೆ ನನ್ನ ಟೈಮ್ ಸ್ಲೈಸ್‌ನಲ್ಲಿ (ಪ್ರತಿಧ್ವನಿ ಒಂದೇ ಸಮಯಕ್ಕೆ ಬಂದ ಜಾಗಗಳ ಅಡ್ಡ ಸೀಳು) ನದಿಯೇ ಇಲ್ಲ, ಬರೀ ಪಟ್ಟೆಗಳು.

ಕಲರ್ ಸ್ಕೇಲ್ ಬದಲಿಸಿದೆ, ಪ್ರಯೋಜನವಾಗಲಿಲ್ಲ. ಅಕ್ಕಪಕ್ಕದ ಸಿಗ್ನಲ್ ಎಷ್ಟು ಹೋಲುತ್ತವೆಂದು ತೋರಿಸುವ ಕೋಹೆರೆನ್ಸ್ ಹಾಕಿದರೆ ಬಿರುಕುಗಳಷ್ಟೇ ಎದ್ದು ಕಂಡವು. 60 ಮಿಲಿಸೆಕೆಂಡ್ ವಿಂಡೋದಲ್ಲಿ ಆರ್‌ಎಂಎಸ್ (ಸಿಗ್ನಲ್‌ನ ಒಂಥರಾ ಸರಾಸರಿ ಬಲ) ತೆಗೆದೆ, ಮೇಲಿನ ಕೆಳಗಿನ ನದಿಗಳೆಲ್ಲ ಒಂದರೊಳಗೊಂದು ಕಲೆಸಿಹೋದವು.

ತಪ್ಪು ಇದ್ದದ್ದು ಸ್ಲೈಸ್‌ನಲ್ಲೇ. ಪದರ ಓರೆಯಾಗಿದೆ, ಟೈಮ್ ಸ್ಲೈಸ್ ಮಟ್ಟಸ. ಹಾಗಾಗಿ ಒಂದೇ ಸ್ಲೈಸ್ ಬೇರೆ ಬೇರೆ ಕಾಲದ ಮಣ್ಣನ್ನು ಕತ್ತರಿಸುತ್ತದೆ, ನದಿ ತುಂಡಾಗದೆ ಇನ್ನೇನಾಗುತ್ತದೆ ಅಲ್ವಾ?

ಸರಿಯಾದ ದಾರಿ ಇದು. ಮೊದಲು ಮರಳಿನ ಮೇಲೊಂದು, ಕೆಳಗೊಂದು ಗಟ್ಟಿ ರಿಫ್ಲೆಕ್ಟರ್ (ಪ್ರತಿಧ್ವನಿ ಜೋರಾಗಿ ಬರುವ ಪದರದ ಗಡಿ) ಹಿಡಿಯಿರಿ. ಪ್ರತಿ 10ನೇ ಇನ್‌ಲೈನ್‌ನಲ್ಲಿ (ಡೇಟಾದ ಒಂದು ದಿಕ್ಕಿನ ಉದ್ದ ಸೀಳು) ಕೈಯಿಂದಲೇ ಗುರುತು ಹಾಕಿ, ಆಮೇಲಷ್ಟೇ ಆಟೋಟ್ರ್ಯಾಕ್ ಬಿಡಿ, ಉಳಿದದ್ದನ್ನು ಸಾಫ್ಟ್‌ವೇರೇ ಹಿಡಿಯುತ್ತದೆ. ಬಿರುಕು ದಾಟುವಾಗ ಅದು ಸುಮ್ನೆ ಪಕ್ಕದ ಪದರಕ್ಕೆ ಹಾರುತ್ತದೆ, ಅಲ್ಲಿ ನೋಡಿಕೊಳ್ಳಿ. ನಂತರ ಆ ಎರಡು ರಿಫ್ಲೆಕ್ಟರ್‌ಗಳ ನಡುವೆ ಪ್ರಪೋರ್ಷನಲ್ ಸ್ಲೈಸ್ ಮಾಡಿ, ಅಂದರೆ ನಡುವಿನ ದಪ್ಪವನ್ನು ಸಮಪಾಲು ಮಾಡಿ ಪದರದ ಓರೆಯಲ್ಲೇ ಕತ್ತರಿಸಿ, ಅಂತರ ಸುಮಾರು 2 ಮಿಲಿಸೆಕೆಂಡ್. ಜಾಸ್ತಿ ಇಟ್ಟರೆ ತೆಳು ಮರಳು ತಪ್ಪಿಹೋಗುತ್ತದೆ. ಕೊನೆಗೆ 20, 35, 50 ಹರ್ಟ್ಸ್‌ನ ಸ್ಪೆಕ್ಟ್ರಲ್ ಡಿಕಾಂಪೊಸಿಷನ್ (ಸಿಗ್ನಲ್ ಅನ್ನು ಬೇರೆ ಬೇರೆ ಫ್ರೀಕ್ವೆನ್ಸಿಗಳಾಗಿ ಬಿಡಿಸುವುದು) ತೆಗೆದು ಕೆಂಪು, ಹಸಿರು, ನೀಲಿಯಲ್ಲಿ ಸೇರಿಸಿ.

ಒಂದೊಂದೇ ಸ್ಲೈಸ್ ಕೆಳಗಿಳಿಸುತ್ತಾ ಹೋದಾಗ ಅಂಕುಡೊಂಕಾದ ಗೆರೆ ಬಂತು, ನಮ್ಮ ಗುರುಪುರ ಹೊಳೆ ತಿರುವು ಹಾಕುವ ಹಾಗೆಯೇ.

ಗೆರೆ ಕಂಡ ಮಾತ್ರಕ್ಕೆ ಮರಳು ಅನ್ನಬೇಡಿ, ಜೇಡಿ ತುಂಬಿದ ನದಿಯೂ ಹಾಗೇ ಕಾಣುತ್ತದೆ. ಹತ್ತಿರದ ಗ್ಯಾಸ್ ಬಾವಿಯ ಗಾಮಾ ರೇ ಲಾಗ್ (ಕಲ್ಲಿನ ಸಹಜ ವಿಕಿರಣದ ಅಳತೆ, ಮರಳಿನಲ್ಲಿ ಕಡಿಮೆ, ಜೇಡಿಯಲ್ಲಿ ಜಾಸ್ತಿ) ತೆಗೆಯಿರಿ: ತಳದಲ್ಲಿ ಒಮ್ಮೆಲೇ ಕಡಿಮೆಯಾಗಿ, ಮೇಲೆ ಬರುತ್ತಾ ನಿಧಾನ ಏರಿದರೆ ಅದು ನದಿ ಮರಳೆಂದು ನಂಬಬಹುದು.