ಮಂಡಕ್ಕಿ ಮೂಸುವ ಚಿನ್ನಿ: ನಾಯಿಯ ಜೊತೆ ನಾನು ಆಡುವ ಆಟಗಳು

ನಮ್ಮ ಚಿನ್ನಿ ನಾಟಿ ನಾಯಿ. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ, ನಮ್ಮ ಮನೆ ಮುಂದಿನ ಚರಂಡಿ ಪಕ್ಕ ಸಿಕ್ಕ ಮರಿ. ವರ್ಷ ತುಂಬುವಷ್ಟರಲ್ಲಿ ಮೂರು ಜೊತೆ ಚಪ್ಪಲಿ, ಒಂದು ದಿಂಬು, ಬಾಗಿಲ ಚೌಕಟ್ಟಿನ ಒಂದು ಮೂಲೆ ಕಡಿದು ಹಾಕಿದ್ದಳು. ಓಡಿಸಿದರೆ ಸರಿಹೋಗುತ್ತಾಳೆ ಅಂದುಕೊಂಡು ದಿನಾ ಸಂಜೆ ತಾರಸಿಯ ಮೇಲೆ ಚೆಂಡು ಎಸೆಯುತ್ತಿದ್ದೆ. ಎಷ್ಟು ಎಸೆದರೂ ಸಾಲುತ್ತಿರಲಿಲ್ಲ. ಕೆಳಗೆ ಬಂದ ಮೇಲೂ ಮನೆಯೆಲ್ಲ ಸುತ್ತುತ್ತಿದ್ದಳು.

ಏಪ್ರಿಲ್‌ನಲ್ಲಿ ಒಂದು ದಿನ ಐದು ಗಂಟೆಗೇ ಮೇಲೆ ಹೋದೆವು. ನಮ್ಮೂರ ಬಿಸಿಲು ಗೊತ್ತಲ್ವಾ, ಸಂಜೆಯಾದರೂ ಕಾಂಕ್ರೀಟು ಕಾದೇ ಇರುತ್ತದೆ. ನಾನು ಚಪ್ಪಲಿ ಹಾಕಿಕೊಂಡಿದ್ದೆ, ನನಗೆ ಬಿಸಿ ತಾಗಲೇ ಇಲ್ಲ. ರಾತ್ರಿ ನೋಡಿದರೆ ಅವಳ ಮುಂಗಾಲಿನ ಪಾದ ಸುಲಿದಿತ್ತು. ಆ ಸಂಕಟ ಇನ್ನೂ ಮರೆತಿಲ್ಲ. ಹತ್ತು ದಿನ ಓಡಿಸಲೇಬೇಡಿ ಅಂದರು ಡಾಕ್ಟರು. ಈಗ ಮೊದಲು ಅಂಗೈ ಹಿಂಭಾಗವನ್ನು ನೆಲಕ್ಕೆ ಒತ್ತಿ ಏಳರವರೆಗೆ ಎಣಿಸುತ್ತೇನೆ. ಕೈ ತಡೆಯದಿದ್ದರೆ ಅವಳನ್ನು ಬಿಡುವುದಿಲ್ಲ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಮೈ ತಣ್ಣಗಾಗಲು ಅದಕ್ಕಿರುವ ದೊಡ್ಡ ದಾರಿ ನಾಲಿಗೆ ಚಾಚಿ ಏದುಸಿರು ಬಿಡುವುದು.

ಹತ್ತು ದಿನ ಮನೆಯೊಳಗೆ ಏನು ಮಾಡಿಸುವುದು? ಅತ್ತೆ ಮೊರದಲ್ಲಿ ಮಂಡಕ್ಕಿ ಕೇರುತ್ತಿದ್ದರು. ಚೆಲ್ಲಿದ್ದನ್ನು ಚಿನ್ನಿ ಮೂಸಿ ಮೂಸಿ, ಒಂದೊಂದಾಗಿ ಹೆಕ್ಕುತ್ತಿದ್ದಳು. “ಅದನ್ನ ಓಡಿಸೋದೇ ಯಾಕವ್ವಾ, ಹಿಂಗೆ ಮೂಸಾಕೆ ಬಿಡು” ಅಂದರು ಅತ್ತೆ. ಕಾಲು ಗಂಟೆ ಹುಡುಕಿದವಳು ಅಲ್ಲೇ ಉರುಳಿ ನಿದ್ದೆ ಹೋದಳು. ಚೆಂಡಿನಿಂದ ಒಂದು ದಿನವೂ ಹೀಗಾಗಿರಲಿಲ್ಲ.

ವಾಸನೆ ಹಿಡಿಯುವ ಜೀವಕೋಶಗಳು ನಮ್ಮ ಮೂಗಿನಲ್ಲಿ ಸುಮಾರು 60 ಲಕ್ಷ ಇದ್ದರೆ, ನಾಯಿಗೆ 10 ಕೋಟಿಗೂ ಜಾಸ್ತಿ. ಅಂಥ ಮೂಗಿಗೆ ಕೆಲಸ ಕೊಡದೆ ಬರೀ ಕಾಲಿಗೆ ಕೊಡುತ್ತಿದ್ದೆ.

ಆಮೇಲೆ ಅವಳ ಊಟದ ಒಂದು ಪಾಲನ್ನು ತಟ್ಟೆಗೆ ಹಾಕುವುದೇ ಬಿಟ್ಟೆ. ಹಳೇ ಟವೆಲ್ ಹಾಸಿ, ಬೇಯಿಸಿದ ಕೋಳಿಯ ಸಣ್ಣ ಚೂರು, ಕ್ಯಾರೆಟ್ ತುಂಡು, ಒಂದಿಷ್ಟು ಮಂಡಕ್ಕಿ ಉದುರಿಸಿ ಸುರುಳಿ ಸುತ್ತುತ್ತೇನೆ. ಮೊದಲ ವಾರ ಸಡಿಲವಾಗಿ ಸುತ್ತಿದೆ. ಗೆದ್ದರೆ ತಾನೇ ಮತ್ತೆ ಆಡಬೇಕು ಅನ್ನಿಸುವುದು? ಬಿಚ್ಚುವುದು ಕಲಿತ ಮೇಲೆ ಬಿಗಿ ಮಾಡಿದೆ, ಆಮೇಲೆ ಒಂದು ಗಂಟು ಹಾಕಿದೆ. ಈಗ ಮೂಗಿನಿಂದ ತಳ್ಳಿ, ಒಂದು ಕಾಲಲ್ಲಿ ಒತ್ತಿ ಹಿಡಿದು ಬಿಚ್ಚುತ್ತಾಳೆ. ಬಟ್ಟೆ ಅಗಿಯಲು ಶುರು ಮಾಡಿದರೆ ಆಟ ಅಲ್ಲಿಗೇ ನಿಲ್ಲಿಸುತ್ತೇನೆ. ದಾರ ಹೊಟ್ಟೆಗೆ ಹೋದರೆ ಕರುಳಲ್ಲಿ ಸಿಕ್ಕಿಕೊಳ್ಳಬಹುದು.

ಮಂಡಕ್ಕಿ ಬಗ್ಗೆ ಒಂದು ಮಾತು. ಖಾರ ಮಂಡಕ್ಕಿ ಬೇಡವೇ ಬೇಡ. ಅದರಲ್ಲಿ ಈರುಳ್ಳಿ ಇರುತ್ತದೆ, ಈರುಳ್ಳಿ ನಾಯಿಗೆ ವಿಷ. ಬರೀ ಮಂಡಕ್ಕಿಯಲ್ಲೂ ಉಪ್ಪು ಇರುವುದರಿಂದ ಒಂದು ಸಣ್ಣ ಹಿಡಿ ಮೀರುವುದಿಲ್ಲ. ದ್ರಾಕ್ಷಿ, ಚಾಕೊಲೇಟ್ ಕೂಡ ಕೊಡುವುದಿಲ್ಲ.

ಮೂರು ಸ್ಟೀಲ್ ಲೋಟ ಬೋರಲು ಹಾಕಿ, ಒಂದರ ಕೆಳಗೆ ಚೂರು ಇಟ್ಟು ಹುಡುಕಿಸುವುದೂ ಉಂಟು. ಬೇಸಿಗೆಯಲ್ಲಿ ಉಪ್ಪು ಹಾಕದ ನೀರು ಮಜ್ಜಿಗೆಯನ್ನು ಡಬ್ಬಿಯಲ್ಲಿ ಐಸಿನ ಗಡ್ಡೆ ಕಟ್ಟಿಸಿ ಕೊಟ್ಟರೆ ಮಧ್ಯಾಹ್ನ ಪೂರ್ತಿ ನೆಕ್ಕುತ್ತಾಳೆ. ಹಳೇ ಸೀರೆ ಜಡೆ ಹೆಣೆದು ಹಗ್ಗಜಗ್ಗಾಟ ಆಡುತ್ತೇವೆ. “ಬಿಡು” ಅಂದಾಗ ಬಿಟ್ಟರೆ ಮಾತ್ರ ಆಟ ಮುಂದುವರಿಯುತ್ತದೆ. ಈ ಒಂದು ಮಾತು ಕಲಿತ ಮೇಲೆ ಬಾಯಿಗೆ ಬಂದ ಚಪ್ಪಲಿಯನ್ನೂ ಬಿಡತೊಡಗಿದಳು.

ಬೆಳಿಗ್ಗೆ ಆರಕ್ಕೆ ಕುಂದುವಾಡ ಕೆರೆ ಕಡೆ ಹೋಗುತ್ತೇವೆ. ಮೊದಲು ಸರಪಳಿ ಎಳೆದು ಬೇಗ ಬೇಗ ನಡೆಸುತ್ತಿದ್ದೆ. ಈಗ ಉದ್ದ ಹಗ್ಗ ಹಾಕಿ, ಅವಳು ನಿಂತಲ್ಲಿ ನಿಲ್ಲುತ್ತೇನೆ. ಒಂದು ಹುಲ್ಲಿನ ಗುಡ್ಡೆಗೇ ಐದು ನಿಮಿಷ ಬೇಕು ಅವಳಿಗೆ. ಬೇಕಾದಷ್ಟು ಮೂಸಲಿ.

ಈಗ ಮಗನ ಸರದಿ. ಸ್ಕೂಲಿಂದ ಬಂದವನೇ ತನ್ನ ಬೆವರಿನ ಸಾಕ್ಸ್ ಬಚ್ಚಿಟ್ಟು “ಹುಡುಕು” ಅನ್ನುತ್ತಾನೆ. ಸೋಫಾ ಕೆಳಗೆ ಇಟ್ಟರೆ ಅರ್ಧ ನಿಮಿಷ ಸಾಕು. ನಿನ್ನೆ ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದ. ಅಡುಗೆಮನೆ ಬಾಗಿಲಲ್ಲೇ ಎರಡು ಸಲ ವಾಪಸ್ ತಿರುಗಿದಳು. ಮೂರನೇ ಸಲ ಒಳಗೆ ಬಂದು, ಡಬ್ಬಕ್ಕೆ ಮೂಗು ಒತ್ತಿ ಕೂತಳು.