ಅಳೆದ್ರಾ ಸ್ವಾಮಿ?

ಅವರ ಮುಖವನ್ನು ನಾನು ನೋಡಿದ್ದೇ ಇಲ್ಲ. ನನಗೆ ಗೊತ್ತಿದ್ದದ್ದು ಫೋನಿನಲ್ಲಿ ಕೇಳುವ ದನಿ ಮಾತ್ರ. ಕಾರನ್ನು ಸ್ವಂತ ಕೈಯಲ್ಲೇ ರಿಪೇರಿ ಮಾಡಿಕೊಳ್ಳುವ ಹುಚ್ಚಿರುವ ನಮ್ಮ ಬಳಗದಲ್ಲಿ ಅವರೇ ಎಲ್ಲರಿಗಿಂತ ಹಳಬರು. ಎಂದೂ ಪಾಠ ಹೇಳುವ ಕೆಲಸದಲ್ಲಿ ಇದ್ದವರಲ್ಲ. ಆದರೂ ಎಲ್ಲರ ಬಾಯಲ್ಲೂ ಮೇಷ್ಟ್ರು. ಇತ್ತೀಚೆಗೆ ತೀರಿಕೊಂಡರು.

ಅವರ ಬಗ್ಗೆ ನಾಲ್ಕು ಮಾತು ಬರಿ ಎಂದು ಗೆಳೆಯರು ಹೇಳಿದರು. ಹೊಗಳಿ ಬರೆಯಲು ಕೂತರೆ ಪೆನ್ನು ಓಡುತ್ತಿಲ್ಲ. ಹಾಗಾಗಿ ಎರಡು ರಿಪೇರಿಗಳ ಕತೆ ಹೇಳುತ್ತೇನೆ. ಒಂದು ಅವರು ಮಾಡಿಸಿದ್ದು. ಇನ್ನೊಂದು ಅವರಿಲ್ಲದೆ ನಾನೇ ಮಾಡಿದ್ದು.

ಮೊದಲನೆಯದು ನಾನು ತೀರಾ ಹೊಸಬನಾಗಿದ್ದಾಗಿನ ಮಾತು. ಕಾರಿನ ಸೆಲ್ಫ್ ಸರಿಯಾಗಿ ಎಳೆಯುತ್ತಿರಲಿಲ್ಲ. ಕೀ ತಿರುಗಿಸಿದರೆ ಇಂಜಿನ್ ನಿದ್ದೆಯಿಂದ ಎದ್ದವರ ಹಾಗೆ ಒಂದೆರಡು ಸುತ್ತು ಹೊರಳಿ ನಿಂತುಬಿಡುತ್ತಿತ್ತು. ಹೊಸ ಬ್ಯಾಟರಿ ಹಾಕಿದೆ. ಅದೇ ಕತೆ. ಇನ್ನು ಸ್ಟಾರ್ಟರ್ ಮೋಟಾರ್ ಬದಲಿಸುವುದೊಂದೇ ದಾರಿ ಅಂದುಕೊಂಡು ಮೇಷ್ಟ್ರಿಗೆ ಫೋನ್ ಮಾಡಿದೆ.

"ಅಳೆದ್ರಾ ಸ್ವಾಮಿ?"

"ಬ್ಯಾಟರಿ ಹೊಸದು ಸಾರ್."

"ಹೊಸದು ಅನ್ನೋದು ಅಳತೆ ಅಲ್ಲ. ಎಷ್ಟು ವೋಲ್ಟ್ ಇದೆ ಹೇಳಿ."

ಮಲ್ಟಿಮೀಟರ್ ಇಟ್ಟು ನೋಡಿದೆ. 12.6. ಅಂದರೆ ಪೂರ್ತಿ ಚಾರ್ಜ್ ಆಗಿದೆ. ಕರೆಂಟ್ ಬ್ಯಾಟರಿಗೆ ವಾಪಸ್ ಬರುವ ಅರ್ತ್ ವೈರಿನ ತಡೆಯನ್ನೂ ಓಮ್‌ನಲ್ಲಿ ನೋಡಿದ್ದೇನೆ, ಏನೂ ತೊಂದರೆ ಇಲ್ಲ ಎಂದೆ. ಆ ಕಡೆಯಿಂದ ನಗು ಕೇಳಿಸಿತು. "ಸುಮ್ನೆ ನಿಂತಿರೋ ಹಗ್ಗ ಎಲ್ಲಾ ಗಟ್ಟಿನೇ. ಬಿಂದಿಗೆ ಕಟ್ಟಿ ಎಳೆದು ನೋಡಿ."

ಆಮೇಲೆ ಒಂದೊಂದಾಗಿ ಹೇಳುತ್ತಾ ಹೋದರು. ಮೀಟರನ್ನು ಡಿಸಿ ವೋಲ್ಟ್‌ಗೆ ಇಡಬೇಕು. ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೇ ಒತ್ತಬೇಕು, ಅದರ ಮೇಲಿನ ಕ್ಲಾಂಪಿಗಲ್ಲ. ಕೆಂಪು ಕಡ್ಡಿ ಇಂಜಿನ್ನಿನ ಬರಿ ಲೋಹಕ್ಕೆ. ಇನ್ನೊಬ್ಬರು ಸೆಲ್ಫ್ ಹೊಡೆಯುತ್ತಿರುವಾಗ ಎಷ್ಟು ಬರುತ್ತದೆ ನೋಡಬೇಕು. ಅರ್ತ್ ದಾರಿ ಚೆನ್ನಾಗಿದ್ದರೆ 0.2 ವೋಲ್ಟ್ ದಾಟಬಾರದು. ನನಗೆ ಬಂದದ್ದು 1.6. ಸ್ಟಾರ್ಟರ್‌ಗೆ ಹೋಗಬೇಕಾದ ಒಂದೂವರೆ ವೋಲ್ಟ್ ದಾರಿಯಲ್ಲೇ ಸೋರುತ್ತಿತ್ತು!

ಎಲ್ಲಿ ಅಂತ ಹುಡುಕುವುದಕ್ಕೆ ದಾರಿಯನ್ನು ತುಂಡು ತುಂಡು ಮಾಡಿ ಅಳೆಸಿದರು. ಕಂಬದಿಂದ ಕ್ಲಾಂಪಿಗೆ 0.05. ಕ್ಲಾಂಪಿನಿಂದ ಬಾಡಿಗೆ 0.05. ಬಾಡಿಯಿಂದ ಇಂಜಿನ್ನಿಗೆ 1.5. ಅಲ್ಲಿದ್ದದ್ದು ಜಡೆಯ ಹಾಗೆ ಹೆಣೆದ ಒಂದು ಅರ್ತ್ ಪಟ್ಟಿ. ಬೋಲ್ಟ್ ಬಿಚ್ಚಿದರೆ ಅಡಿಯಲ್ಲಿ ಹಸಿರು ಪುಡಿ, ತುಕ್ಕು. ತಂತಿ ಬ್ರಷ್ಷಿನಲ್ಲಿ ಉಜ್ಜಿ ಲೋಹ ಹೊಳೆಯುವ ಹಾಗೆ ಮಾಡಿ ಬಿಗಿ ಮಾಡಿದೆ. ಮತ್ತೆ ಅಳೆದರೆ ಒಟ್ಟು 0.15. ಇಂಜಿನ್ ಒಂದೇ ಏಟಿಗೆ ಎದ್ದಿತು.

ಓಮ್‌ನಲ್ಲಿ ಇದು ಯಾಕೆ ಸಿಗಲಿಲ್ಲ ಎಂಬುದು ಲೆಕ್ಕ ಹಾಕಿದ ಮೇಲೆ ಗೊತ್ತಾಯಿತು. ಸೆಲ್ಫ್ ಹೊಡೆಯುವಾಗ 150 ಆಂಪಿಯರ್ ಹರಿಯುತ್ತದೆ ಅನ್ನಿ. 1.5 ವೋಲ್ಟ್ ಬೀಳಲು ಬೇಕಾದ ತಡೆ ಒಂದು ಓಮ್‌ನ ನೂರನೇ ಒಂದು ಪಾಲು. ಮೀಟರಿನ ಕಡ್ಡಿಯ ವೈರುಗಳಲ್ಲೇ ಅದಕ್ಕಿಂತ ಜಾಸ್ತಿ ತಡೆ ಇರುತ್ತದೆ. ಅಂಥ ಮೀಟರ್ ಅದನ್ನು ಹೇಗೆ ತೋರಿಸೀತು ಪಾಪ!

ಮೇಷ್ಟ್ರು ದೇವರೇನೂ ಅಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಬರೀ ಜಾಕಿಯ ಮೇಲೆ ನಿಲ್ಲಿಸಿ ಕಾರಿನ ಅಡಿಗೆ ನುಸುಳಿದೆ ಎಂದು ಒಬ್ಬ ಹೇಳಿದ್ದಕ್ಕೆ ಫೋನನ್ನೇ ಇಟ್ಟುಬಿಟ್ಟಿದ್ದರು. ಕಾರನ್ನು ಹೊರುವ ಸ್ಟ್ಯಾಂಡ್ ಅಡಿಗೆ ಕೊಡುವವರೆಗೂ ಅವನೊಡನೆ ಮಾತಿಲ್ಲ. ತಪ್ಪೂ ಹೇಳುತ್ತಿದ್ದರು. ನಿಂತಲ್ಲೇ ನಡುಗುವ, ಆಕ್ಸಿಲರೇಟರ್ ಒತ್ತಿದರೆ ಸರಿಹೋಗುವ ಒಂದು ಇಂಜಿನ್ನಿಗೆ ಇಗ್ನಿಷನ್ ಕಾಯಿಲ್ ಹೋಗಿದೆ ಎಂದು ಹಟ ಹಿಡಿದಿದ್ದರು. ಕೊನೆಗೆ ಸಿಕ್ಕಿದ್ದು ಬಿರುಕು ಬಿಟ್ಟ ಒಂದು ವ್ಯಾಕ್ಯೂಮ್ ಪೈಪು. "ನಾನು ಅಳೆಸದೇ ಹೇಳಿದೆ, ಅದಕ್ಕೆ ಹೀಗಾಯ್ತು" ಎಂದು ಆ ಕತೆಯನ್ನು ಅವರೇ ಎಲ್ಲರಿಗೂ ಹೇಳಿಕೊಂಡು ತಿರುಗಿದರು. ಬೇರೆಯವರಾಗಿದ್ದರೆ ಮುಚ್ಚಿಡುತ್ತಿದ್ದರು, ಅಲ್ವಾ?

ಈಗ ಎರಡನೆಯ ಕತೆ. ಮೂರು ದಿನ ನಿಲ್ಲಿಸಿದರೆ ಸಾಕು, ನನ್ನ ಕಾರಿನ ಬ್ಯಾಟರಿ ಸುಸ್ತಾಗಿರುತ್ತಿತ್ತು. "ಭಾನುವಾರ ಕೂತು ನೋಡೋಣ" ಎಂದಿದ್ದರು ಮೇಷ್ಟ್ರು. ಶುಕ್ರವಾರ ಸುದ್ದಿ ಬಂತು. ನೆಗೆಟಿವ್ ವೈರ್ ಬಿಚ್ಚಿಟ್ಟು ಎರಡು ವಾರ ಆ ಕಾರಿನ ಹತ್ತಿರ ಹೋಗಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ಕೂತೆ. ಬಾನೆಟ್ ತೆಗೆದು, ನೆಗೆಟಿವ್ ಕಂಬಕ್ಕೂ ಅದರ ವೈರಿಗೂ ನಡುವೆ ಮೀಟರನ್ನು ಆಂಪಿಯರ್‌ನಲ್ಲಿ ಸಿಕ್ಕಿಸಿದೆ. ಶುರುವಿನಲ್ಲೇ ಎಡವಟ್ಟು. ಗಡಿಯಾರದ ಟೈಮ್ ಸರಿ ಮಾಡಲು ಒಳಗೆ ಕೂತವನು ಅಭ್ಯಾಸಕ್ಕೆ ಕೀಯನ್ನು ಸೆಲ್ಫ್‌ವರೆಗೂ ತಿರುಗಿಸಿಬಿಟ್ಟೆ. ಮೀಟರಿನ 10 ಆಂಪಿಯರ್ ಫ್ಯೂಸ್ ಢಮಾರ್. ಮೀಟರ್ ಹೀಗೆ ಸಿಕ್ಕಿಸಿರುವಾಗ ಸೆಲ್ಫ್ ಹೊಡೆಯಬೇಡಿ ಎಂದು ಅವರು ಎಷ್ಟು ಸಲ ಹೇಳಿದ್ದರೋ.

ಫ್ಯೂಸ್ ಬದಲಿಸಿ ಮತ್ತೆ ಶುರು ಮಾಡಿದೆ. ಈ ಸಲ ಕೀಯನ್ನು ದೂರ ಇಟ್ಟೆ. ಬಾಗಿಲು, ಡಿಕ್ಕಿ ಎಲ್ಲಾ ಹಾಕಿ ಅರ್ಧ ಗಂಟೆ ಕಾದೆ. ಈಗಿನ ಕಾರುಗಳ ಕಂಪ್ಯೂಟರುಗಳು ಮಲಗಲು ಅಷ್ಟು ಹೊತ್ತು ಬೇಕು. ಎಲ್ಲಾ ಮಲಗಿದ ಮೇಲೆ ಬ್ಯಾಟರಿಯಿಂದ ಹರಿಯುವ ಕರೆಂಟ್ 0.05 ಆಂಪಿಯರ್ ಒಳಗಿರಬೇಕು. ನನ್ನದು 0.43. ದಿನಕ್ಕೆ ಸುಮಾರು 10 ಆಂಪಿಯರ್-ಗಂಟೆ ಹೋಯಿತು. 60 ಆಂಪಿಯರ್-ಗಂಟೆಯ ಬ್ಯಾಟರಿ ಮೂರು ದಿನಕ್ಕೆ ಅರ್ಧ ಖಾಲಿ.

ಇಲ್ಲಿ ಫ್ಯೂಸ್ ಒಂದೊಂದೇ ಕಿತ್ತು ನೋಡುವವರೇ ಜಾಸ್ತಿ. ಕಿತ್ತು ಹಾಕಿದರೆ ಮಲಗಿದ ಕಂಪ್ಯೂಟರ್ ಎದ್ದು ಕೂರುತ್ತದೆ, ಮತ್ತೆ ಅರ್ಧ ಗಂಟೆ ಕಾಯಬೇಕು. ಮೇಷ್ಟ್ರ ದಾರಿ ಬೇರೆ. ಫ್ಯೂಸಿನ ತಲೆಯ ಮೇಲೆ ಲೋಹದ ಎರಡು ಚುಕ್ಕೆಗಳಿರುತ್ತವೆ. ಅಲ್ಲಿ ಕಡ್ಡಿ ಮುಟ್ಟಿಸಿ ಮಿಲಿವೋಲ್ಟ್ ನೋಡಬೇಕು. ಕರೆಂಟ್ ಹರಿಯದ ಫ್ಯೂಸಿನಲ್ಲಿ ಸೊನ್ನೆ. ಸಾಲಾಗಿ ಸೊನ್ನೆ, ಸೊನ್ನೆ, ಸೊನ್ನೆ. ಒಳಗಿನ ದೀಪಗಳ 10 ಆಂಪಿಯರ್ ಫ್ಯೂಸಿನಲ್ಲಿ 3 ಮಿಲಿವೋಲ್ಟ್!

ಕಾಣುವ ದೀಪ ಎಲ್ಲವೂ ಆರಿತ್ತು. ಹಾಗಾದರೆ ಕಾಣದ ದೀಪ ಯಾವುದು? ಫೋನಿನಲ್ಲಿ ವಿಡಿಯೋ ಹಾಕಿ ಡಿಕ್ಕಿಯೊಳಗೆ ಇಟ್ಟು ಮುಚ್ಚಿದೆ. ತೆಗೆದು ನೋಡಿದರೆ ಮುಚ್ಚಿದ ಡಿಕ್ಕಿಯಲ್ಲಿ ಐದು ವಾಟ್‌ನ ಬಲ್ಬು ಆರಾಮವಾಗಿ ಉರಿಯುತ್ತಿದೆ. ಸ್ವಿಚ್ಚಿನ ಗುಂಡಿಯನ್ನು ಒತ್ತಬೇಕಾದ ರಬ್ಬರ್ ಸವೆದು ಗಿಡ್ಡವಾಗಿತ್ತು, ಅಷ್ಟೇ.

ರಬ್ಬರ್ ಬದಲಿಸಿ, ಮುಚ್ಚಿ, ಕಾದೆ. 0.02. ಮೀಟರ್ ಬಿಚ್ಚಲು ಕೈ ಹಾಕಿದೆ. ಸರಿಯಾಗಿದ್ದನ್ನು ಇನ್ನೊಂದು ಸಲ ತೆಗೆದು, ಮುಚ್ಚಿ ಅಳೆಯದೆ ಮೇಷ್ಟ್ರು ಯಾವತ್ತೂ ಬಿಟ್ಟವರಲ್ಲ. ಡಿಕ್ಕಿ ತೆಗೆದು ಮತ್ತೆ ಮುಚ್ಚಿದೆ. ಇನ್ನೂ ಅರ್ಧ ಗಂಟೆ ನೆಲದ ಮೇಲೆ ಕೂತೆ. 0.02.