ಹರಿದು ಹಾಕಿದ ಚೀಟಿಗಳು

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ.ಗೆ ನೋಂದಾಯಿಸಿಕೊಂಡಾಗ ನಾನು ಆರಿಸಿಕೊಂಡ ವಿಷಯ ಮಲೆನಾಡಿನ ಅಡಿಕೆ ಬೇಸಾಯದ ಪದಗಳು. ಮೊದಲ ವರ್ಷವೆಲ್ಲ ಹೊಸನಗರ, ತೀರ್ಥಹಳ್ಳಿ, ಸಾಗರ ತಾಲ್ಲೂಕುಗಳಲ್ಲಿ ಪ್ರಶ್ನಾವಳಿ ಹಿಡಿದು ಓಡಾಡಿದೆ. ಕೇಳಿದ ಒಂದೊಂದು ಪದವನ್ನೂ ಒಂದೊಂದು ಚೀಟಿಯಲ್ಲಿ ಬರೆದುಕೊಂಡು, ಸಂಜೆ ಗ್ರಂಥಾಲಯದಲ್ಲಿ ಕುಳಿತು 1894ರ ಕಿಟ್ಟೆಲ್ ನಿಘಂಟಿನಲ್ಲಿಯೂ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳಲ್ಲಿಯೂ ಹುಡುಕುತ್ತಿದ್ದೆ. ಅಲ್ಲಿ ಸಿಗದ ಪದವಾದರೆ ಅದನ್ನು ಜೋಪಾನವಾಗಿ ಎತ್ತಿಡುತ್ತಿದ್ದೆ. ಸಿಕ್ಕಿದರೆ ಚೀಟಿಯನ್ನು ಹರಿದು ಹಾಕುತ್ತಿದ್ದೆ. ಅಪರೂಪದ ಪದವನ್ನು ತಂದವನೇ ಒಳ್ಳೆಯ ಸಂಗ್ರಾಹಕನೆಂಬ ಮಾತು ನಮ್ಮ ವಿಭಾಗಗಳಲ್ಲಿ ಆಗ ಬಲವಾಗಿತ್ತು, ನಾನೂ ಅದನ್ನು ನಂಬಿದ್ದೆ.

ಆ ನಂಬಿಕೆ ಕದಲಿದ್ದು ಒಂದೇ ಒಂದು ವಾಕ್ಯದಿಂದ. ಹೊಸನಗರದ ಕಡೆಯ ಒಂದು ಮನೆಯಲ್ಲಿ ಹಿರಿಯರೊಬ್ಬರು, “ಮೇಷ್ಟ್ರೇ, ನಾಳೆ ನಮ್ಮನೇಲಿ ಕೊನೆ, ಮಾತಾಡೋಕೆ ಪುರುಸೊತ್ತಿರಲ್ಲ” ಎಂದರು. ಏನೋ ಮುಗಿಯುತ್ತಿದೆ ಎಂದೇ ಭಾವಿಸಿ, ಏನಾಯಿತೆಂದು ಅಳುಕಿನಿಂದ ಕೇಳಿದೆ. ಅವರು ನನ್ನನ್ನು ತೋಟಕ್ಕೆ ಕರೆದೊಯ್ದು, ಮರದ ತುದಿಯಲ್ಲಿ ತೂಗುತ್ತಿದ್ದ ಅಡಿಕೆಯ ಗೊಂಚಲನ್ನು ತೋರಿಸಿದರು. ಆ ಗೊಂಚಲೂ ಕೊನೆ, ಅದನ್ನು ಇಳಿಸುವ ದಿನವೂ ಕೊನೆ. ಮರ ಹತ್ತಿ ಅದನ್ನು ಕೊಯ್ಯುವವನು ಕೊನೆಗಾರ. ಇಷ್ಟು ಹತ್ತಿರದ ಪದವನ್ನು ನಾನು ಅದುವರೆಗೆ ಒಂದು ಚೀಟಿಯಲ್ಲಿಯೂ ಬರೆದಿರಲಿಲ್ಲ, ಏಕೆಂದರೆ ಅದು ನನಗೆ ‘ಗೊತ್ತಿದ್ದ’ ಪದವಾಗಿತ್ತು.

ಅಲ್ಲಿಂದ ಮುಂದೆ ಪ್ರಶ್ನಾವಳಿಯನ್ನು ಚೀಲದೊಳಗೇ ಇಟ್ಟೆ. ಕೊಯ್ಲಿನ ದಿನಗಳಲ್ಲಿ ರಾತ್ರಿ ಅಡಿಕೆ ಸುಲಿಯುವ ಚಪ್ಪರದಲ್ಲಿ, ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತವರ ನಡುವೆ ನಾನೂ ಕುಳಿತೆ. ಸುಲಿಯುವುದು ನನಗೆ ಚೆನ್ನಾಗಿ ಬರುತ್ತಿರಲಿಲ್ಲ, ಆದರೆ ಕೈ ಕೆಲಸದಲ್ಲಿರುವಾಗ ಮಾತು ಬೇರೆಯಾಗಿ ಬರುತ್ತದೆ ಎಂಬುದು ಮೊದಲ ರಾತ್ರಿಯೇ ತಿಳಿಯಿತು. ಯಾರೂ ಗಮನಿಸದೆ ಇರುವಾಗ ಜನ ಹೇಗೆ ಮಾತನಾಡುತ್ತಾರೆಂಬುದೇ ಸಂಶೋಧಕನಿಗೆ ಬೇಕಾದದ್ದು, ಆದರೆ ಅದನ್ನು ಅವನು ಗಮನಿಸಿಯೇ ಪಡೆಯಬೇಕು ಎಂಬ ಇಕ್ಕಟ್ಟನ್ನು ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲೇಬೋವ್ ಗುರುತಿಸಿದ್ದರು. ನಾನು ಅದನ್ನು ಪರೀಕ್ಷೆಗಾಗಿ ಓದಿದ್ದೆ. ಹಗಲಿನಲ್ಲಿ ನನ್ನೆದುರು ಪುಸ್ತಕದ ಕನ್ನಡದಲ್ಲಿ ಉತ್ತರಿಸುತ್ತಿದ್ದ ಅಮ್ಮನೊಬ್ಬರು ಅಲ್ಲಿ ತಮ್ಮ ಮನೆಮಾತಿನಲ್ಲಿ ಮೊಮ್ಮಗನನ್ನು ಗದರುವುದನ್ನು ಕೇಳಿದಾಗಲೇ ಅದು ನನಗೆ ಅರ್ಥವಾದದ್ದು.

ಆ ಚಪ್ಪರದಲ್ಲಿ ಸಿಕ್ಕ ಪದಗಳಲ್ಲಿ ಹೆಚ್ಚಿನವು ಸಾಮಾನ್ಯ ಪದಗಳೇ. ಸರಕು ಎಂದರೆ ಎಲ್ಲರಿಗೂ ಸಾಮಾನು, ರಾಶಿ ಎಂದರೆ ಗುಡ್ಡೆ. ಆದರೆ ಕೆಂಪಡಿಕೆಯ ಲೆಕ್ಕದಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬವು ನಾಲ್ಕು ದರ್ಜೆಗಳು. ಶಿವಮೊಗ್ಗದ ಮಂಡಿಯಲ್ಲಿ ಇವತ್ತಿಗೂ ಧಾರಣೆ ನಡೆಯುವುದು ಈ ಹೆಸರುಗಳ ಮೇಲೆಯೇ. “ರಾಶಿ ಏರಿದೆ” ಎಂದರೆ ಗುಡ್ಡೆ ದೊಡ್ಡದಾಗಿದೆ ಎಂದಲ್ಲ, ಬೆಲೆ ಹೆಚ್ಚಿದೆ ಎಂದು. ಪದವನ್ನು ಮಾತ್ರ ಬರೆದುಕೊಂಡವನಿಗೆ ಈ ವ್ಯತ್ಯಾಸ ಸಿಗುವುದೇ ಇಲ್ಲ. ಆದ್ದರಿಂದ ನನ್ನ ಹೊಸ ಚೀಟಿಯಲ್ಲಿ ಮೊದಲು ಆಡಿದ ವಾಕ್ಯ, ಅದರ ಕೆಳಗೆ ಪದ, ಆಮೇಲೆ ಆಡಿದವರ ಊರು, ಅಂದಾಜು ವಯಸ್ಸು, ಆ ಹೊತ್ತಿನಲ್ಲಿ ಅವರು ಮಾಡುತ್ತಿದ್ದ ಕೆಲಸ ಇವಿಷ್ಟೂ ಬಂದವು. ಹರಿದು ಹಾಕಿದ್ದ ಪದಗಳನ್ನೆಲ್ಲ ಮತ್ತೆ ಕೇಳಲು ಇನ್ನೂ ಎರಡು ಕೊಯ್ಲುಗಳು ಬೇಕಾದವು.

ಬರವಣಿಗೆಯ ಹಂತದ ಕಷ್ಟ ಬೇರೆಯದು. ಪುಣೆಯ ಡೆಕ್ಕನ್ ಕಾಲೇಜು 1960ರ ದಶಕದಲ್ಲಿ ನಂಜನಗೂಡು, ಗುಲ್ಬರ್ಗಗಳ ಕನ್ನಡವನ್ನು ಕುರಿತು ಪ್ರಕಟಿಸಿದ ಅಧ್ಯಯನಗಳಿಂದ ನಾನು ಬಹಳ ಕಲಿತಿದ್ದೇನೆ. ಉಪಭಾಷೆಗೂ ತನ್ನದೇ ನಿಯಮವಿದೆ ಎಂಬುದನ್ನು ನನಗೆ ಕಾಣಿಸಿದ್ದು ಆ ಮಾದರಿಯೇ. ಆದರೆ ಧ್ವನಿಗಳು ಮೊದಲು, ರೂಪಗಳು ಆಮೇಲೆ ಎಂಬ ಅಧ್ಯಾಯಕ್ರಮವನ್ನು ಹಾಗೆಯೇ ಅನುಸರಿಸಿದರೆ, ನನ್ನ ವಾಕ್ಯಗಳೆಲ್ಲ ಅನುಬಂಧಕ್ಕೆ ಹೋಗುತ್ತಿದ್ದವು. ಪರಿಭಾಷೆಯ ವಿಷಯದಲ್ಲಿಯೂ ಒಮ್ಮತವಿರಲಿಲ್ಲ: ಪದಗಳ ಅರ್ಥವನ್ನು ಬೇರೆ ಮಾಡುವ ಧ್ವನಿಯ ಘಟಕವನ್ನು ಒಬ್ಬರು ಧ್ವನಿಮಾ ಎಂದರೆ ಇನ್ನೊಬ್ಬರು ಸ್ವನಿಮಾ ಎನ್ನುತ್ತಿದ್ದರು, ಬಳಸಿದ ಪದದಿಂದಲೇ ಇವನು ಯಾರ ಶಿಷ್ಯನೆಂದು ಊಹಿಸುತ್ತಿದ್ದರು. ನಾನು ಒಂದನ್ನು ಆರಿಸಿ, ಮೊದಲ ಪುಟದಲ್ಲಿಯೇ ಹೇಳಿ ಮುಂದೆ ಸಾಗಿದೆ.

ಹೆಚ್ಚು ನೋಯಿಸಿದ್ದು ಬೇರೊಂದು ಪ್ರಸಂಗ. ಹುಲ್ಲುಗಾವಲಿನ ಜಾಗಕ್ಕೆ ನಮ್ಮ ಕಡೆ ಹೇಳುವ ‘ಬ್ಯಾಣ’ ಎಂಬ ಪದವಿದ್ದ ಲೇಖನವನ್ನು ಒಂದು ಪತ್ರಿಕೆಗೆ ಕಳಿಸಿದ್ದೆ. ಅದನ್ನು ‘ಬೇಣ’ ಎಂದು ತಿದ್ದಿ, ಉದಾಹರಣೆಯ ವಾಕ್ಯಗಳನ್ನೂ ‘ಶುದ್ಧ’ಗೊಳಿಸಬೇಕೆಂದು ಬರೆದು ಹಿಂದಿರುಗಿಸಿದರು. ಬರಹದ ರೂಪ ಬೇಣವಿರಬಹುದು, ಆದರೆ ನಾನು ದಾಖಲಿಸಿದ್ದು ನಾಲಿಗೆಯ ರೂಪವನ್ನು. ಅದರಲ್ಲಿರುವ ಸ್ವರಕ್ಕೆ ನಮ್ಮ ಲಿಪಿಯಲ್ಲಿ ಸ್ವಂತ ಅಕ್ಷರವಿಲ್ಲ. ‘ಬ್ಯಾಂಕು’ ಎಂದು ಬರೆಯುವಾಗ ಮಾಡುವಂತೆ ಯಕಾರದ ಒತ್ತಿನ ಆಸರೆ ಪಡೆಯಬೇಕಾಗುತ್ತದೆ. ಮೂರು ಪುಟಗಳ ಉತ್ತರ ಬರೆದೆ; ಲೇಖನ ಅಲ್ಲಿ ಬರಲಿಲ್ಲ. ಪ್ರಬಂಧದಲ್ಲಿ ಮಾತ್ರ ಪ್ರತಿಯೊಂದು ಉದಾಹರಣೆಯನ್ನೂ ಎರಡು ಸಾಲಿನಲ್ಲಿ ಕೊಟ್ಟೆ: ಮೇಲೆ ಆಡಿದಂತೆ, ಕೆಳಗೆ ಬರಹದ ಕನ್ನಡದಲ್ಲಿ. ಮೌಖಿಕ ಪರೀಕ್ಷೆಯಲ್ಲಿ ಹೆಚ್ಚಿನ ಪ್ರಶ್ನೆಗಳು ಬಂದದ್ದು ಆ ಎರಡು ಸಾಲುಗಳ ಮೇಲೆಯೇ.

ಈಗ ಪದವಿ ತರಗತಿಯ ವಿದ್ಯಾರ್ಥಿಗಳಿಗೆ ಇದೇ ಚೀಟಿಯನ್ನು ಕೊಡುತ್ತೇನೆ, ಗೊತ್ತಿರುವ ಪದವನ್ನೇ ತನ್ನಿ ಎನ್ನುತ್ತೇನೆ. ಈ ವರ್ಷ ಸಾಗರದ ಕಡೆಯ ವಿದ್ಯಾರ್ಥಿನಿಯೊಬ್ಬಳು ‘ಹಾಳೆ’ ಎಂಬ ಪದವನ್ನು ತಂದಳು. ಪೇಟೆಯ ಮಕ್ಕಳು ಅದನ್ನು ಕಾಗದವೆಂದುಕೊಂಡರು; ಅಡಿಕೆ ಸೋಗೆಯ ಬುಡದಲ್ಲಿರುವ, ಸೋಗೆಯೊಂದಿಗೆ ಉದುರುವ ಅಗಲವಾದ ಪೊರೆಯೆಂದು ಅವರಿಗೆ ಹೊಳೆಯಲಿಲ್ಲ. ಅವಳು ಎದ್ದು ನಿಂತು ತನ್ನ ಅಜ್ಜಿಯ ವಾಕ್ಯವನ್ನು ಓದಿದಳು: “ಮಳೆ ಹಿಡಿಯೋಕೆ ಮುಂಚೆ ಹಾಳೆ ಹೆಕ್ಕಿ ಒಳಗಿಡು.”